ಬೆಲ್ಟ್ ಇತ್ತು, ಸ್ಪ್ಯಾನರ್ ಇರಲಿಲ್ಲ: ಹಳೆ ವ್ಯಾನಿನ ಟೂಲ್ ಬಾಕ್ಸ್‌ನಲ್ಲಿ ಏನೇನಿರಬೇಕು?

ಹಿರಿಯೂರು ಕಡೆಯ ನಮ್ಮ ತೋಟದಿಂದ ಬೆಂಗಳೂರಿಗೆ ಸುಮಾರು 160 ಕಿ.ಮೀ. ಭಾನುವಾರದ ಸಾವಯವ ಸಂತೆಗೆ ಶನಿವಾರ ಸಂಜೆಯೇ ಸೊಪ್ಪು ಕೊಯ್ದು, ಒದ್ದೆ ಗೋಣಿಚೀಲ ಹೊದಿಸಿ, ರಾತ್ರಿ 2 ಗಂಟೆಗೆ ನಮ್ಮ ಹಳೆ ಡೀಸೆಲ್ ವ್ಯಾನಿನಲ್ಲಿ ಹೊರಡ್ತೀನಿ. ಕಳೆದ ಬೇಸಿಗೆಯಲ್ಲಿ ಒಂದಿನ ಶಿರಾ ದಾಟುತ್ತಿದ್ದ ಹಾಗೆ ಬ್ಯಾಟರಿ ದೀಪ ಹೊತ್ತಿಕೊಂಡಿತು. ಅದರ ಹಿಂದೆಯೇ ಟೆಂಪರೇಚರ್ ಮುಳ್ಳು ಏರತೊಡಗಿತು. ನಿಲ್ಲಿಸಿ ನೋಡಿದರೆ ಫ್ಯಾನ್ ಬೆಲ್ಟ್ ತುಂಡಾಗಿತ್ತು.

ಹೊಸ ಬೆಲ್ಟ್ ಬಾಕ್ಸ್‌ನಲ್ಲೇ ಇತ್ತು. ಆದರೆ ಆಲ್ಟರ್ನೇಟರ್ ಬೋಲ್ಟ್ ಸಡಿಲಿಸುವ 12-13 ಸ್ಪ್ಯಾನರ್ ಇರಲಿಲ್ಲ. ಪಂಪ್‌ಸೆಟ್ ರಿಪೇರಿಗೆ ಅಂತ ನಾನೇ ತೆಗೆದು, ಪಂಪ್ ಮನೆಯ ಕಿಟಕಿಯಲ್ಲಿ ಬಿಟ್ಟಿದ್ದೆ! ಬೆಳಗಾದ ಮೇಲೆ ಒಬ್ಬ ಲಾರಿ ಡ್ರೈವರಣ್ಣ ಸ್ಪ್ಯಾನರ್ ಕೊಟ್ಟರು. 20 ನಿಮಿಷದ ಕೆಲಸಕ್ಕೆ 4 ಗಂಟೆ ಕಾದಿದ್ದೆ. ಸಂತೆ ತಲುಪಿದಾಗ 10 ಗಂಟೆ. ಪಾಲಕ್, ಕೊತ್ತಂಬರಿ ಅರ್ಧಕ್ಕರ್ಧ ಬಾಡಿ, ವಾಪಸ್ ಬಂದು ಗೊಬ್ಬರದ ಗುಂಡಿ ಸೇರಿತು.

ಅವತ್ತು ಕಲಿತದ್ದು ಇಷ್ಟು: ಬಿಡಿಭಾಗ, ಅದನ್ನು ಹಾಕುವ ಟೂಲ್, ಹಾಕಲು ಬರುವ ಕೈ. ಈ ಮೂರೂ ಇದ್ದರೆ ಮಾತ್ರ ಆ ಸಾಮಾನು ಲೆಕ್ಕಕ್ಕೆ. ಹಾಗಾಗಿ ಈಗ ನನ್ನ ಬಾಕ್ಸನ್ನು ತೊಂದರೆಗಳ ಪ್ರಕಾರ ಜೋಡಿಸಿದ್ದೀನಿ.

1. ಬೆಲ್ಟ್: ಒಂದು ಬೆಲ್ಟ್, ಅದರ ಬೋಲ್ಟ್‌ಗಳಿಗೆ ಸರಿಹೊಂದುವ ಸ್ಪ್ಯಾನರ್‌ಗಳು, ಬಿಗಿ ಮಾಡಲು ಒಂದು ಸಣ್ಣ ಸನಿಕೆ. ಬಹಳಷ್ಟು ಹಳೆ ವ್ಯಾನ್‌ಗಳಲ್ಲಿ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ಒಂದೇ ಬೆಲ್ಟ್ ತಿರುಗಿಸುತ್ತದೆ. ಅದು ಹೋದರೆ ಚಾರ್ಜಿಂಗ್ ನಿಲ್ಲುತ್ತದೆ, ಎಂಜಿನ್ ಕಾಯುತ್ತದೆ. "ಇನ್ನೊಂದು ಐದು ಕಿ.ಮೀ. ಓಡಿಸೋಣ" ಅಂದುಕೊಂಡರೆ ಹೆಡ್ ಗ್ಯಾಸ್ಕೆಟ್ ಹೋಗಿ ಖರ್ಚು ಹತ್ತಾರು ಪಟ್ಟು ಹೆಚ್ಚಾಗಬಹುದು. ತಕ್ಷಣ ನಿಲ್ಲಿಸಿ.

2. ನೀರು: ರೇಡಿಯೇಟರ್ ಹೋಸ್, ನಾಲ್ಕು ಕ್ಲಿಪ್, ಸ್ಕ್ರೂಡ್ರೈವರ್, 5 ಲೀಟರ್ ನೀರು. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ಆರಲು ಬಿಡಿ.

3. ಕರೆಂಟು: ಎಲ್ಲಾ ಆಂಪಿಯರ್‌ನ ಫ್ಯೂಸ್ ಎರಡೆರಡು, ಹೆಡ್‌ಲೈಟ್ ಬಲ್ಬ್ ಒಂದು, ಇನ್ಸುಲೇಶನ್ ಟೇಪ್. ಫ್ಯೂಸ್ ಬದಲು ತಂತಿ ಸುತ್ತಬೇಡಿ. ವೈರಿಂಗ್‌ಗೇ ಬೆಂಕಿ ಬೀಳಬಹುದು.

4. ಚಕ್ರ: ಗಾಳಿ ಇರುವ ಸ್ಟೆಪ್ನಿ, ಜಾಕ್, ವೀಲ್ ಸ್ಪ್ಯಾನರ್. ಜೊತೆಗೆ ಎರಡು ಅಡಿ ಕಬ್ಬಿಣದ ಪೈಪು (ಬಿಗಿಯಾದ ನಟ್‌ಗೆ ಹಿಡಿ ಉದ್ದ ಮಾಡಲು), ಮೆತ್ತನೆ ಮಣ್ಣಿನಲ್ಲಿ ಜಾಕ್ ಕೆಳಗಿಡಲು ದಪ್ಪ ಹಲಗೆ, ಚಕ್ರಕ್ಕೆ ಕೊಡಲು ಎರಡು ಕಲ್ಲು.

5. ಕೇಬಲ್: ನಿಮ್ಮ ವ್ಯಾನ್‌ನಲ್ಲಿ ಕ್ಲಚ್, ಆಕ್ಸಿಲರೇಟರ್ ಕೇಬಲ್‌ನಲ್ಲಿ ಓಡುತ್ತಿದ್ದರೆ ಒಂದೊಂದು ಇರಲಿ. ಹೊಸದು ಹಾಕಿಸಿದಾಗ ಹಳೆಯದು ಇನ್ನೂ ಗಟ್ಟಿಯಾಗಿದ್ದರೆ ಎಸೆಯಬೇಡಿ, ಅದೇ ನಿಮ್ಮ ಸ್ಪೇರ್. ಬೆಲ್ಟ್‌ಗೂ ಇದೇ ಮಾತು.

ಇವುಗಳ ಜೊತೆ 1 ಲೀಟರ್ ಎಂಜಿನ್ ಆಯಿಲ್, ಕಟ್ಟಿಂಗ್ ಪ್ಲೇಯರ್, ಬೈಂಡಿಂಗ್ ವೈರ್, ಕೈಗವಸು, ತಲೆಗೆ ಕಟ್ಟುವ ಟಾರ್ಚ್. ಸ್ಟೆಪ್ನಿ ಬಿಟ್ಟರೆ ಬಹುತೇಕ ಎಲ್ಲಾ ಒಂದು ಟೊಮ್ಯಾಟೊ ಕ್ರೇಟ್‌ನಲ್ಲಿ ಹಿಡಿಸುತ್ತದೆ. ಬ್ರೇಕ್, ಸ್ಟೀರಿಂಗ್ ತೊಂದರೆಯನ್ನು ಮಾತ್ರ ರಸ್ತೆಯಲ್ಲಿ ಮುಟ್ಟಬೇಡಿ. ಅದು ಮೆಕ್ಯಾನಿಕ್ ಕೆಲಸ.

ಮನೆಯಲ್ಲೇ ಒಮ್ಮೆ ಮಾಡಿ ನೋಡಿ

ಹಗಲಿನಲ್ಲಿ, ಎಂಜಿನ್ ತಣ್ಣಗಿರುವಾಗ, ಬಾಕ್ಸ್‌ನಲ್ಲಿರುವ ಟೂಲ್‌ಗಳಿಂದ ಮಾತ್ರ ಬೆಲ್ಟ್ ಬಿಚ್ಚಿ ಹಾಕಿ. ಚಕ್ರವನ್ನೂ ಹಾಗೇ. ಏನು ಕಡಿಮೆ ಇದೆ ಅಂತ ಆಗಲೇ ಗೊತ್ತಾಗೋದು. ಮೆಕ್ಯಾನಿಕ್ ಕೆಲಸ ಮಾಡುವಾಗ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಬೆಲ್ಟ್ ಮೇಲಿನ ನಂಬರ್ ಫೋಟೊ ತೆಗೆದಿಡಿ, ಯಾವ ಊರಿನ ಅಂಗಡಿಯಲ್ಲಾದರೂ ತೋರಿಸಬಹುದು.

ರಸ್ತೆ ಬದಿಯಲ್ಲಿ ನಿಂತಾಗ

ಮೊದಲು ಜೀವ, ಆಮೇಲೆ ಸೊಪ್ಪು. ಹಜಾರ್ಡ್ ಲೈಟ್ ಹಾಕಿ, ರಸ್ತೆಯಿಂದ ಆದಷ್ಟು ಕೆಳಗಿಳಿಸಿ ನಿಲ್ಲಿಸಿ. ಕೆಂಪು ತ್ರಿಕೋನವನ್ನು 50 ಮೀಟರ್‌ಗೂ ಹೆಚ್ಚು ಹಿಂದೆ ಇಡಿ. ವ್ಯಾನ್ ಹಿಂದೆ ಯಾರೂ ನಿಲ್ಲಬೇಡಿ, ಒಳಗೆ ಮಲಗಲೂಬೇಡಿ. ಟ್ರಾಫಿಕ್ ಕಡೆಯ ಚಕ್ರ ಪಂಕ್ಚರ್ ಆಗಿ, ಜಾಗ ಸಾಲದಿದ್ದರೆ ನೀವೇ ಬಿಚ್ಚಲು ಹೋಗದೆ ಸಹಾಯ ಕರೆಯಿರಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ತುರ್ತಿಗೆ 112. ಎರಡನ್ನೂ ಈಗಲೇ ಸೇವ್ ಮಾಡಿ.

ಈಗ ನಮ್ಮ ವ್ಯಾನ್ ಬಾಕ್ಸ್‌ನ ಸ್ಪ್ಯಾನರ್‌ಗಳಿಗೆಲ್ಲ ಕೆಂಪು ಪೇಂಟ್ ಬಳಿದಿದ್ದೀನಿ. ಪಂಪ್ ಮನೆಯಲ್ಲಿ ಕೆಂಪು ಕಂಡರೆ ಮನೆಯವರೇ ತಂದು ವ್ಯಾನ್‌ಗೆ ಹಾಕ್ತಾರೆ. ಈ ಶನಿವಾರ ಲೋಡ್ ಮಾಡೋಕೆ ಮುಂಚೆ ನೀವೂ ಒಮ್ಮೆ ನಿಮ್ಮ ಬಾಕ್ಸ್ ತೆಗೆದು ನೋಡಿ.