ನಾಲಿಗೆ ಕೆಳಗಿಡುವ ಮಾತ್ರೆ ನುಂಗಿದರೆ ಏನಾಗುತ್ತದೆ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಎದೆನೋವು ಬಂದಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳಲು ಡಾಕ್ಟರು ಸಾರ್ಬಿಟ್ರೇಟ್ 5 ಮಿ.ಗ್ರಾಂ. ಮಾತ್ರೆ ಬರೆದುಕೊಟ್ಟಿದ್ದಾರೆ. ಮೊನ್ನೆ ನೋವು ಬಂದಾಗ ಗಾಬರಿಯಲ್ಲಿ ನೀರು ಕುಡಿದು ನುಂಗಿಬಿಟ್ಟರು. ಹೇಗಿದ್ದರೂ ಹೊಟ್ಟೆಗೆ ಹೋಗುವುದೇ ಅಲ್ಲವೇ?
ಓದುಗರು, ಶಿರಸಿ

ಉತ್ತರ: ಅಲ್ಲ, ಆ ಮಾತ್ರೆ ಹೊಟ್ಟೆಗೆ ಹೋಗಲೇಬಾರದು. ನುಂಗಿದ ಔಷಧಿ ಕರುಳಿನಿಂದ ರಕ್ತಕ್ಕೆ ಸೇರುತ್ತದೆ ನಿಜ, ಆದರೆ ಕರುಳಿನ ರಕ್ತ ಮೊದಲು ಲಿವರ್ ಹಾಯ್ದೇ ಮುಂದೆ ಹೋಗಬೇಕು. ಊರಬಾಗಿಲ ಸುಂಕದ ಕಟ್ಟೆಯ ಹಾಗೆ ಲಿವರ್ ಅನೇಕ ಔಷಧಿಗಳಿಂದ ಒಂದಿಷ್ಟು ಕಿತ್ತುಕೊಳ್ಳುತ್ತದೆ. ಸಾರ್ಬಿಟ್ರೇಟ್‌ನ ಬಹುಪಾಲು ಅಲ್ಲೇ ಒಡೆದುಹೋಗುತ್ತದೆ. ಉಳಿದದ್ದು ಕೆಲಸ ಶುರು ಮಾಡುವಷ್ಟರಲ್ಲಿ ಅರ್ಧ ಗಂಟೆ ಹಿಡಿಯಬಹುದು. ಎದೆ ಹಿಂಡುತ್ತಿರುವ ಮನುಷ್ಯನಿಗೆ ಅರ್ಧ ಗಂಟೆ ಎಷ್ಟು ದೀರ್ಘ ಎಂದು ನಿಮಗೇ ಗೊತ್ತು.

ಕನ್ನಡಿ ಮುಂದೆ ನಿಂತು ನಾಲಿಗೆ ಮೇಲೆತ್ತಿ ನೋಡಿ. ಅಡಿಯಲ್ಲಿ ತೆಳು ಪೊರೆ, ಅದರೊಳಗೆ ನೀಲಿ ನೀಲಿ ರಕ್ತನಾಳ ಕಾಣುತ್ತವೆ. ಅಲ್ಲಿಯ ರಕ್ತಕ್ಕೆ ಸುಂಕದ ಕಟ್ಟೆಯಿಲ್ಲ, ನೇರ ಹೃದಯಕ್ಕೇ ಹೋಗುತ್ತದೆ. ಅಲ್ಲಿ ಕರಗಿದ ಮಾತ್ರೆ ಎರಡರಿಂದ ಐದು ನಿಮಿಷದೊಳಗೆ ರಕ್ತನಾಳಗಳನ್ನು ಸಡಿಲಿಸಿ ಹೃದಯದ ಹೊರೆ ಇಳಿಸುತ್ತದೆ. ಇದೇ ವರ್ಗದ ನೈಟ್ರೋಗ್ಲಿಸರಿನ್ ಅನ್ನು ಎದೆನೋವಿಗೆ ಬಳಸಬಹುದೆಂದು ಲಂಡನ್ನಿನ ವೈದ್ಯ ವಿಲಿಯಂ ಮರೆಲ್ 1879ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ಅವರು ಸೀಸೆಯ ಒದ್ದೆ ಬಿರಡೆಯನ್ನು ನಾಲಿಗೆಗೆ ತಾಗಿಸಿಕೊಂಡು ರುಚಿ ನೋಡಿದ್ದರು. ತುಸು ಹೊತ್ತಿನಲ್ಲೇ ಮೈತುಂಬ ನಾಡಿ ಬಡಿದುಕೊಳ್ಳತೊಡಗಿತು. ಬಿರಡೆಯಲ್ಲಿ ಅಂಟಿದ್ದ ಹನಿಯಷ್ಟೇ ಅದಕ್ಕೆ ಸಾಕಾಗಿತ್ತು!

ತಂದೆಯವರಿಗೆ ಹೀಗೆ ಹೇಳಿಕೊಡಿ. ನೋವು ಬಂದ ಕೂಡಲೇ ಕೂರಬೇಕು, ನಿಂತಿರಬಾರದು, ಬಿ.ಪಿ. ಇಳಿದು ತಲೆ ಸುತ್ತಬಹುದು. ಬಾಯಿ ಒಣಗಿದ್ದರೆ ಮೊದಲು ಒಂದು ಗುಟುಕು ನೀರು, ಆಮೇಲೆ ಮಾತ್ರೆ. ಐದು ನಿಮಿಷದಲ್ಲಿ ನೋವು ತಗ್ಗದಿದ್ದರೆ 108ಕ್ಕೆ ಫೋನ್ ಮಾಡಿ, ಕಾಯುತ್ತ ಕೂರಬೇಡಿ. ಗಂಡಸರು ಸಿಲ್ಡೆನಾಫಿಲ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಲೇಬೇಕು. ಎರಡೂ ಸೇರಿದರೆ ಬಿ.ಪಿ. ಪ್ರಾಣಕ್ಕೇ ಅಪಾಯವಾಗುವಷ್ಟು ಕುಸಿಯುತ್ತದೆ. ತಪ್ಪಿ ನುಂಗಿದಾಗ ಇನ್ನೊಂದು ಮಾತ್ರೆ ಇಡಬಹುದೇ ಎಂದು ನಿಮ್ಮ ಡಾಕ್ಟರನ್ನು ಈಗಲೇ ಕೇಳಿ, ಚೀಟಿಯಲ್ಲಿ ಬರೆದು ಮಾತ್ರೆ ಡಬ್ಬಿಯಲ್ಲೇ ಇಟ್ಟಿರಿ.

ಪ್ರಶ್ನೆ: ಅತ್ತೆಗೆ ನುಂಗುವುದು ಕಷ್ಟ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಕುಟ್ಟಿ ರಾಗಿ ಅಂಬಲಿಯಲ್ಲಿ ಕಲಸಿ ಕೊಡುತ್ತಿದ್ದೇನೆ. ಸರಿಯೇ?
ಓದುಗರು, ಮಂಡ್ಯ

ಉತ್ತರ: ಇಂದೇ ಸ್ಟ್ರಿಪ್ ತಿರುಗಿಸಿ ನೋಡಿ. ಹೆಸರಿನ ಮುಂದೆ ಎಸ್‌ಆರ್, ಇಆರ್ ಅಥವಾ ಎಕ್ಸ್‌ಆರ್ ಎಂದಿದ್ದರೆ ಕುಟ್ಟಬೇಡಿ. ಅದು ದಿನವಿಡೀ ಸ್ವಲ್ಪ ಸ್ವಲ್ಪವೇ ಔಷಧಿ ಬಿಡುವ ಹಾಗೆ ಕಟ್ಟಿದ ಮಾತ್ರೆ. ಕುಟ್ಟಿದರೆ ದಿನದ ಪೂರ್ತಿ ಪಾಲು ಒಂದೇ ಸಲ ಒಳಗೆ ಇಳಿಯುತ್ತದೆ. ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾಂಟೊಪ್ರಜೋಲ್‌ನ ಕತೆ ಬೇರೆ: ಅದರ ಹೊರಕವಚ ಇರುವುದೇ ಹೊಟ್ಟೆಯ ಆಮ್ಲದಿಂದ ಔಷಧಿಯನ್ನು ಕಾಯಲು, ಪುಡಿ ಮಾಡಿದರೆ ಕರುಳು ಮುಟ್ಟುವ ಮೊದಲೇ ಕೆಡುತ್ತದೆ. ನಡುವೆ ಗೆರೆಯಿರುವ ಮಾತ್ರೆಯನ್ನು ಸಾಮಾನ್ಯವಾಗಿ ಎರಡು ಮಾಡಬಹುದು, ಆದರೆ ಗೆರೆಯಿದೆ ಎಂದು ಪುಡಿ ಮಾಡುವ ಹಾಗಿಲ್ಲ. ನುಂಗಲಾಗದು ಎಂಬುದನ್ನು ಡಾಕ್ಟರಿಗೆ ಹೇಳಿ. ಕುಟ್ಟಬಹುದಾದ ಸಾದಾ ಮಾತ್ರೆಗೋ ದ್ರವ ಔಷಧಿಗೋ ಬದಲಾಯಿಸಿಕೊಡುತ್ತಾರೆ. ಇಷ್ಟು ಅಕ್ಕರೆಯಿಂದ ಅಂಬಲಿ ಕಲಸುವ ಸೊಸೆ ಇದನ್ನೂ ಕೇಳಿ ಬರುತ್ತೀರೆಂದು ನಂಬಿದ್ದೇನೆ.

ಪ್ರಶ್ನೆ: ಮಾತ್ರೆಯಿಂದ ಹೊಟ್ಟೆ ಉರಿಯುತ್ತದೆಂದು ಸೊಂಟನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ನೇ ಹಾಕಿಸಿಕೊಳ್ಳುತ್ತೇನೆ. ಸೂಜಿ ಹೊಟ್ಟೆಗೆ ತೊಂದರೆ ಕೊಡುವುದಿಲ್ಲವಲ್ಲ?
ಓದುಗರು, ಗದಗ

ಉತ್ತರ: ಕೊಡುತ್ತದೆ. ನೋವು ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವಿನ ತಯಾರಿಕೆಯನ್ನು ಈ ಔಷಧಿ ತಡೆಯುತ್ತದೆ. ಅದೇ ವಸ್ತು ಜಠರದ ಒಳಪದರವನ್ನು ಆಮ್ಲದಿಂದ ಕಾಯುತ್ತದೆ, ಕಿಡ್ನಿಗೆ ರಕ್ತ ಹರಿಯಲೂ ನೆರವಾಗುತ್ತದೆ. ಸೊಂಟಕ್ಕೆ ಚುಚ್ಚಿದ ಔಷಧಿ ಸೊಂಟದಲ್ಲೇ ನಿಲ್ಲುವುದಿಲ್ಲ, ರಕ್ತ ಸೇರಿ ಜಠರಕ್ಕೂ ಕಿಡ್ನಿಗೂ ಹೋಗುತ್ತದೆ. ಹುಣ್ಣು ಆಗುವುದು ಆ ದಾರಿಯಿಂದಲೂ. ಸೂಜಿ ಹಾಕದಿದ್ದರೆ ಡಾಕ್ಟರು ಏನೂ ಮಾಡಲಿಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ವಾಂತಿ ನಿಲ್ಲದಾಗ, ಪ್ರಜ್ಞೆ ಇಲ್ಲದಾಗ ಸೂಜಿ ಬೇಕು. ಇನ್ಸುಲಿನ್‌ಗೂ ಬೇಕು, ಏಕೆಂದರೆ ಅದು ಪ್ರೋಟೀನ್. ನುಂಗಿದರೆ ತೊಗರಿಬೇಳೆಯನ್ನು ಅರಗಿಸಿದಂತೆ ಹೊಟ್ಟೆ ಅದನ್ನೂ ಅರಗಿಸಿಬಿಡುತ್ತದೆ. ನಿಮ್ಮ ಸೊಂಟಕ್ಕೆ ಬೇಕಿರುವುದು ನೋವಿನ ಕಾರಣ ಹುಡುಕುವ ಡಾಕ್ಟರು.

ಪ್ರಶ್ನೆ: ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿ ಜೊತೆಗೇ ನುಂಗಬಹುದೇ?
ಓದುಗರು, ಚಿಕ್ಕಮಗಳೂರು

ಉತ್ತರ: ಬೇಡ. ಕಾಫಿ ಜೊತೆಗಿದ್ದರೆ ಕರುಳು ಆ ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗಿ. ಅರ್ಧ ಗಂಟೆಯಾದರೂ ಬಿಡಿ, ಒಂದು ಗಂಟೆಯಾದರೆ ಇನ್ನೂ ಒಳ್ಳೆಯದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಮಾತ್ರೆ ನುಂಗಿದ ಮೇಲೆ ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಹೊಯ್ಯಿರಿ. ಗಟ್ಟಿ ಡಿಕಾಕ್ಷನ್ ಇಳಿಯಲು ಹೇಗೂ ಅಷ್ಟು ಹೊತ್ತು ಬೇಕೇ ಬೇಕು.