ಕುಸಿದ ಕಾರಿಗೆ ಕಂಪ್ರೆಸರ್ ಕೊಳ್ಳುವ ಮುನ್ನ

ಪ್ರಶ್ನೆ: ಬಿಎಂಡಬ್ಲ್ಯು 730ಎಲ್‌ಡಿ ಕಾರನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡೆ, 2012ರ ಮಾಡೆಲ್. ರಾತ್ರಿ ಶೆಡ್ಡಿನಲ್ಲಿ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಹಿಂದಿನ ಎಡಭಾಗ ಕುಸಿದಿರುತ್ತದೆ. ಸ್ಟಾರ್ಟ್ ಮಾಡಿದರೆ ಹಿಂದೆ ಗುರ್‌ ಎಂದು ಸದ್ದಾಗಿ ಮೆಲ್ಲಗೆ ಏಳುತ್ತದೆ. ಗ್ಯಾರೇಜಿನವರು ಕಂಪ್ರೆಸರ್ ಹೋಗಿದೆ, ಎಲ್ಲಾ ಬದಲಿಸಬೇಕು ಎನ್ನುತ್ತಾರೆ. ದ್ರಾಕ್ಷಿಯ ದುಡ್ಡೆಲ್ಲ ಕಾರಿಗೇ ಸುರಿಯುತ್ತೀಯಾ ಎಂದು ಅಪ್ಪ ಬೈಯುತ್ತಾರೆ. ಮಾರಿಬಿಡಲೇ?
– ಹೆಸರು ಬೇಡ, ಚನ್ನರಾಯಪಟ್ಟಣ ಹೋಬಳಿ, ದೇವನಹಳ್ಳಿ ತಾಲ್ಲೂಕು

ಉತ್ತರ: ಈಗಲೇ ಮಾರಬೇಡಿ, ಕಂಪ್ರೆಸರಿಗೂ ಹಣ ಕಟ್ಟಬೇಡಿ. ಬೆಳಿಗ್ಗೆ ಕಾರು ಎದ್ದು ನಿಲ್ಲುತ್ತಿದೆ ಎಂದರೆ ಕಂಪ್ರೆಸರಿಗೆ ಇನ್ನೂ ಜೀವವಿದೆ. ಮೊದಲು ಹುಡುಕಬೇಕಾದದ್ದು ಗಾಳಿ ಸೋರುವ ಜಾಗ.

ನಿಮ್ಮ ಕಾರಿನಲ್ಲಿ ಮುಂದಿನ ಚಕ್ರಗಳಿಗೆ ಉಕ್ಕಿನ ಸ್ಪ್ರಿಂಗ್, ಹಿಂದಿನ ಎರಡಕ್ಕೆ ಮಾತ್ರ ಗಾಳಿ ತುಂಬಿದ ರಬ್ಬರ್ ಬೆಲ್ಲೋ. ಏರ್‌ಪೋರ್ಟಿಗೆ ಓಡುವ ವಾಯುವಜ್ರ ವೋಲ್ವೊ ಬಸ್ಸಿನಲ್ಲೂ ಬೆಲ್ಲೋಗಳೇ ಇವೆ. ಆದರೆ ಬಸ್ಸಿನ ಕಂಪ್ರೆಸರನ್ನು ಎಂಜಿನ್ನೇ ತಿರುಗಿಸುತ್ತದೆ. ನಿಮ್ಮದು ಕರೆಂಟಿನ ಪುಟ್ಟ ಮೋಟಾರು, ಹೆಚ್ಚು ಹೊತ್ತು ಓಡುವ ತಾಕತ್ತು ಅದಕ್ಕಿಲ್ಲ. ಗಾಳಿ ಸೋರಿದಷ್ಟೂ ಅದು ಮತ್ತೆ ಮತ್ತೆ ಓಡಿ, ಕಾದು, ಕೊನೆಗೆ ಸುಟ್ಟುಹೋಗುತ್ತದೆ. ಸೋರಿಕೆ ಮುಚ್ಚದೆ ಹೊಸದನ್ನು ಹಾಕಿದರೆ ಅದಕ್ಕೂ ಇದೇ ಗತಿ.

ಹೀಗೆ ಮಾಡಿ. ಸಂಜೆ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹಿಂದಿನ ಎರಡೂ ಚಕ್ರಗಳ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪಿನಲ್ಲಿ ಅಳೆದು ಬರೆದಿಡಿ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮತ್ತೆ ಅಳೆಯಿರಿ. ಎಡಗಡೆ ಮಾತ್ರ ಇಳಿದಿದ್ದರೆ ಆ ಬದಿಯ ಬೆಲ್ಲೋ, ಅದರ ಪೈಪು, ಗಾಳಿ ಹಂಚುವ ವಾಲ್ವ್ ಬ್ಲಾಕಿನಲ್ಲಿ ಅದರ ವಾಲ್ವ್, ಈ ಮೂರರಲ್ಲೇ ಅನುಮಾನ. ಎರಡೂ ಕಡೆ ಇಳಿದಿದ್ದರೆ ವಾಲ್ವ್ ಬ್ಲಾಕನ್ನೂ ಎರಡೂ ಬೆಲ್ಲೋಗಳನ್ನೂ ನೋಡಬೇಕು. ರಾತ್ರಿ ಇಳಿಯದೆ ಸದಾ ಒಂದೇ ಬದಿ ತಗ್ಗಿದ್ದರೆ ಎತ್ತರ ಅಳೆಯುವ ಸೆನ್ಸರ್, ಅದರ ಕಡ್ಡಿ ನೋಡಿಸಿ.

ಮುಂದಿನದು ಸೋಪಿನ ನೀರಿನ ಪರೀಕ್ಷೆ: ಬಳಿದಾಗ ನೊರೆ ಎದ್ದ ಕಡೆ ಗಾಳಿ ಸೋರುತ್ತಿದೆ ಎಂದರ್ಥ. ಇದನ್ನು ಲಿಫ್ಟ್ ಇರುವ ಗ್ಯಾರೇಜಿನಲ್ಲೇ ಮಾಡಿಸಿ, ನೀವೂ ಪಕ್ಕದಲ್ಲಿರಿ. ಬೆಲ್ಲೋ ಮಡಚಿಕೊಳ್ಳುವ ಕೆಳಗಿನ ಸುತ್ತಿನಲ್ಲಿ ರಬ್ಬರ್ ಬಿರಿಯುವುದೇ ಹೆಚ್ಚು. ಪೈಪಿನ ಜಾಯಿಂಟುಗಳಿಗೂ ಬಳಿಸಿ. ತೋಟದ ಶೆಡ್ಡಿನಲ್ಲಿ ನಿಲ್ಲಿಸುವ ಕಾರಾದ್ದರಿಂದ ಇಲಿ ಕಡಿದ ಗುರುತೂ ನೋಡಿ. ಕಂಪ್ರೆಸರ್ ಸದ್ದೇ ಮಾಡದಿದ್ದರೆ ಫ್ಯೂಸ್, ರಿಲೇ ನೋಡದೆ ಅದು ಸತ್ತಿದೆ ಎನ್ನಬಾರದು.

ಎರಡು ಎಚ್ಚರಿಕೆ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತೂರಬೇಡಿ. ಜಾಕು ಜಾರಿದರೆ ಅಥವಾ ಗಾಳಿ ಹೋದರೆ ಕಾರು ಕ್ಷಣದಲ್ಲಿ ಕುಸಿಯುತ್ತದೆ. ಪೂರ್ತಿ ಕುಸಿದ ಕಾರನ್ನು ಓಡಿಸಲೂಬೇಡಿ, ರಬ್ಬರ್ ಮಡಚಿ ಹರಿಯುತ್ತದೆ.

ಒಂದು ಬೆಲ್ಲೋ ವಯಸ್ಸಾಗಿ ಬಿರಿದಿದ್ದರೆ ಅದರ ಜೊತೆಯದಕ್ಕೂ ಅಷ್ಟೇ ವಯಸ್ಸು, ಎರಡನ್ನೂ ಬದಲಿಸಿ. ಸೋರಿಕೆ ನಿಂತ ಮೇಲೂ ಕಾರು ಏಳಲು ತಡವರಿಸಿದರೆ ಆಗ ಕಂಪ್ರೆಸರ್ ಹಾಕಿಸಿ, ಜೊತೆಗೆ ರಿಲೇಯನ್ನೂ. ಹಳೆಯ ರಿಲೇ ಅಂಟಿಕೊಂಡರೆ ಹೊಸ ಮೋಟಾರು ನಿಲ್ಲದೆ ಓಡಿ ಹಾಳಾಗುತ್ತದೆ.

ಅಪ್ಪನಿಗೆ ಧೈರ್ಯವಾಗಿ ಹೇಳಿ: ಹಳೆಯ ರಬ್ಬರ್ ಬಿರಿಯುವುದು ಸಹಜ, ನಾನು ಮೋಸಹೋದೆ ಎಂದಲ್ಲ. ನೊರೆ ಏಳುವ ಜಾಗವನ್ನು ಗ್ಯಾರೇಜಿನವರು ಕಣ್ಣಾರೆ ತೋರಿಸಲಿ, ಖರ್ಚನ್ನು ಬಿಡಿಬಿಡಿಯಾಗಿ ಬರೆದುಕೊಡಲಿ. ಆ ಚೀಟಿಯನ್ನು ಅಪ್ಪನ ಮುಂದಿಟ್ಟು, ಕಾರು ಇಟ್ಟುಕೊಳ್ಳುವುದೋ ಬಿಡುವುದೋ ಇಬ್ಬರೂ ಕೂತು ತೀರ್ಮಾನಿಸಿ. ಮಾರುವುದೇ ಆದರೆ ಕೊಳ್ಳುವವರಿಗೆ ಈ ದೋಷವನ್ನು ಮುಚ್ಚಿಡಬೇಡಿ.