ಹಾಡಿನ ವಿಡಿಯೋಗೆ ಕಥನ ಸಿದ್ಧಾಂತ: ವಿದ್ಯಾರ್ಥಿಗಳಿಗೊಂದು ಕಿವಿಮಾತು

ಬ್ರಿಟನ್ನಿನ ಮಾಧ್ಯಮ ಅಧ್ಯಯನ ತರಗತಿಗಳಲ್ಲಿ ಸಂಗೀತ ವಿಡಿಯೋ ಯೋಜಿಸುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎದುರುಗೊಳ್ಳುವ ಹೆಸರು ತ್ಸ್ವೆಟಾನ್ ಟೊಡೊರೊವ್ ಅವರದು. ಸಮಸ್ಥಿತಿಯೊಂದು ಕದಡಿ, ಆ ಕದಡುವಿಕೆಯನ್ನು ಪಾತ್ರಗಳು ಗುರುತಿಸಿ, ಸರಿಪಡಿಸಲು ಯತ್ನಿಸಿ, ಕೊನೆಗೆ ಬೇರೊಂದು ಸಮಸ್ಥಿತಿಯನ್ನು ತಲುಪುವ ಚಲನೆಯೇ ಕಥನ ಎಂಬುದು ಅವರ ನಿರೂಪಣೆಯ ಸಾರ. ಆದರೆ ಈ ಐದೂ ಹಂತಗಳನ್ನು ನಾಲ್ಕು ನಿಮಿಷದ ಹಾಡಿನಲ್ಲಿ ತುರುಕಲು ಹೊರಟರೆ ಯಾವುದೂ ಮನಸ್ಸಿಗೆ ನಾಟುವುದಿಲ್ಲ. ಮೇಲಾಗಿ ಕಥೆ ಮುಂದಕ್ಕೆ ಸಾಗುತ್ತಿದ್ದರೆ ಪಲ್ಲವಿ ಮತ್ತೆ ಮತ್ತೆ ಹಿಂದಿರುಗುತ್ತದೆ. ಆದ್ದರಿಂದ ಆ ಮರುಕಳಿಕೆಯನ್ನೇ ಬಳಸಿಕೊಳ್ಳುವುದು ಲೇಸು: ಮೊದಲ ಪಲ್ಲವಿಯಲ್ಲಿ ಮೇಜಿನ ಮೇಲೆ ಎರಡು ಚಹಾ ಲೋಟಗಳಿದ್ದು, ಅದೇ ಕೋನದಿಂದ ತೆಗೆದ ಎರಡನೆಯ ಪಲ್ಲವಿಯ ಶಾಟ್‌ನಲ್ಲಿ ಒಂದೇ ಉಳಿದಿದ್ದರೆ, ಸಮಸ್ಥಿತಿ ಕದಡಿತೆಂದು ಹೇಳಲು ಬೇರೆ ದೃಶ್ಯ ಬೇಕಾಗುವುದಿಲ್ಲ.

ವ್ಲಾದಿಮಿರ್ ಪ್ರಾಪ್ 1928ರಲ್ಲಿ ರಷ್ಯನ್ ಮಾಂತ್ರಿಕ ಕಥೆಗಳಿಂದ ಗುರುತಿಸಿದ ಏಳು ಬಗೆಯ ಪಾತ್ರಗಳಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು ಸಾಕು. ನಟಿಸಲು ಸಿಗುವವರು ಹೇಗೂ ಸಹಪಾಠಿಗಳೇ ತಾನೆ.

ಇವೆರಡಕ್ಕಿಂತ ಹೆಚ್ಚು ಉಪಯುಕ್ತವಾದದ್ದು ಆಂಡ್ರ್ಯೂ ಗುಡ್‌ವಿನ್ 1992ರ ತಮ್ಮ ಕೃತಿಯಲ್ಲಿ ಮಾಡಿದ ವಿಂಗಡಣೆ: ದೃಶ್ಯವು ಹಾಡಿನ ಅರ್ಥವನ್ನು ಹಾಗೆಯೇ ತೋರಿಸಿದರೆ ಅದು ಚಿತ್ರಣ, ಅದಕ್ಕೆ ಹೊಸ ಅರ್ಥ ಸೇರಿಸಿದರೆ ವರ್ಧನೆ, ಅದರೊಡನೆ ಸಂಬಂಧವನ್ನೇ ಕಡಿದುಕೊಂಡರೆ ವಿಚ್ಛೇದ. ಮಳೆಯ ಸಾಲಿಗೆ ಮಳೆಯನ್ನೇ ತೋರಿಸುವ ಚಾಳಿಯನ್ನು ತಡೆಯಬೇಕಾದರೆ ಸ್ಟೋರಿಬೋರ್ಡಿನ ಪ್ರತಿ ಚೌಕದ ಕೆಳಗೆ ಈ ಮೂರರಲ್ಲಿ ಒಂದನ್ನು ಬರೆದಿಡಬೇಕು. ಹೆಚ್ಚಿನ ಚೌಕಗಳಿಗೆ ಚಿತ್ರಣ ಎಂದೇ ಬಿದ್ದಿದ್ದರೆ, ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲೇ ಕೆಲವನ್ನಾದರೂ ಬದಲಿಸಲು ಅವಕಾಶವಿರುತ್ತದೆ.